ಎಲ್ಲಾ ಚೆನ್ನಾಗಿದೆ ಅಂದುಬಿಟ್ಟೆ!

ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ, ಗೆಳತಿಯರೇ, ಈ ಮಾತನ್ನು ನೀವೂ ಆಡಿಯೇ ಇರುತ್ತೀರಿ: "ನಿನಗ್ಯಾಕೆ ಊರ ಉಸಾಬರಿ? ಓದೋಕೆ ಹೋಗಿದ್ದೀಯ, ಓದಿಕೊಂಡು ಬಾ." ನಾನಂತೂ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅನ್ನಕ್ಕೆ ಎಸರಿಡುವಾಗ ಒಂದು ಸಲ, ಒಗ್ಗರಣೆ ಹಾಕುವಾಗ ಇನ್ನೊಂದು ಸಲ.

ನಮ್ಮ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಅವಳ ತರಗತಿಯವರೆಲ್ಲ ಸೇರಿ ಅವಳನ್ನು ಕ್ಲಾಸ್ ರೆಪ್ರೆಸೆಂಟೇಟಿವ್ ಮಾಡಿಬಿಟ್ಟರು. "ಹಾಗಂದ್ರೆ ಏನೇ? ನಮ್ಮ ಕಾಲದ ಮಾನಿಟರ್ ಥರಾನಾ?" ಎಂದು ಕೇಳಿದೆ. ನಮ್ಮ ಹೈಸ್ಕೂಲಿನಲ್ಲಿ ಮೇಷ್ಟರು ಆಚೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ ಮಾನಿಟರಿನದು. "ಅಲ್ಲಮ್ಮ, ಅವಳು ಮೇಷ್ಟರ ಕಡೆಯವಳು. ನಾನು ಹುಡುಗರ ಕಡೆಯವಳು" ಅಂದಳು. ನನ್ನ ಎದೆ ಧಸಕ್ಕೆಂದಿತು!

ನಮ್ಮವರಿಗೆ ಹೇಳಿದರೆ ಅವರು ಪೇಪರಿನಿಂದ ತಲೆಯೆತ್ತದೆ, "ನಮ್ಮಣ್ಣ ಯೂನಿಯನ್ ಸೆಕ್ರೆಟರಿ ಆಗಿ ಏನಾದ ಗೊತ್ತಲ್ಲ" ಅಂದರು. ನಮ್ಮ ಭಾವನವರು ಓದುತ್ತಿದ್ದ ಕಾಲಕ್ಕೆ ಕಾಲೇಜು ಚುನಾವಣೆಯೆಂದರೆ ಜಾತ್ರೆ, ಹೊಡೆದಾಟ ಎಲ್ಲವೂ. ಅವರ ಹಣೆಯ ಮೇಲಿನ ಹೊಲಿಗೆಯ ಗುರುತು ಇವತ್ತಿಗೂ ಇದೆ. ನಮ್ಮ ರಾಜ್ಯದಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಆ ಚುನಾವಣೆಗಳಿಗೆ ತಡೆ ಬಿತ್ತು. ಆಮೇಲೆ ದೇಶದ ಬೇರೆ ಕಡೆಗಳಲ್ಲೂ ಗಲಾಟೆ ಜಾಸ್ತಿಯಾಗಿ, ಮಾಜಿ ಚುನಾವಣಾ ಆಯುಕ್ತ ಲಿಂಗ್ಡೋ ಅವರ ಸಮಿತಿ 2006ರಲ್ಲಿ ನಿಯಮ ಹಾಕಿಕೊಟ್ಟಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು, ಅಚ್ಚು ಹಾಕಿಸಿದ ಪೋಸ್ಟರು ಅಂಟಿಸಬಾರದು, ಶೇಕಡಾ 75 ಹಾಜರಿ ಇರಬೇಕು ಅಂತೆಲ್ಲ. ಇದನ್ನೆಲ್ಲ ನನಗೆ ಓದಿ ಹೇಳಿದವಳು ಮಗಳೇ. "ನಂದು ಆ ಥರ ಚುನಾವಣೆ ಅಲ್ಲಮ್ಮ, ಕೈಯೆತ್ತಿ ಆರಿಸಿದ್ದು" ಎಂದು ಸಮಾಧಾನ ಬೇರೆ!

ನನ್ನ ಭಯ ಅದಲ್ಲ. ಇಂಟರ್ನಲ್ ಮಾರ್ಕ್ಸು! ಅದು ಉಪನ್ಯಾಸಕರ ಕೈಯಲ್ಲೇ ಅಲ್ಲವೆ ಇರುವುದು?

ಅವಳ ಮುಂದೆ ಬಂದ ಮೊದಲ ದೂರೇ ಬಸ್ಸಿನದು. ಕೆಮಿಸ್ಟ್ರಿ ಪ್ರಾಕ್ಟಿಕಲ್ ಮುಗಿಯುವುದು ಸಂಜೆ ಐದಕ್ಕೆ. ಮೂರು ಹಳ್ಳಿಗಳ ದಾರಿಯ ಕೊನೆಯ ಬಸ್ಸು ಹೊರಡುವುದು ನಾಲ್ಕೂವರೆಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ನಮಗೆಲ್ಲ ಸರ್ಕಾರಿ ಬಸ್ಸು ಉಚಿತವಾಯಿತು ನಿಜ, ಆದರೆ ಬಸ್ಸೇ ಹೊರಟುಹೋದರೆ ಉಚಿತವಾಗಿ ಏನು ಬಂತು? ಹುಡುಗಿಯರು ಪ್ರಯೋಗ ಅರ್ಧಕ್ಕೆ ಬಿಟ್ಟು, ಪಕ್ಕದವರ ರೀಡಿಂಗ್ ಬರೆದುಕೊಂಡು ಓಡುತ್ತಿದ್ದರು. ಪರೀಕ್ಷೆಯಲ್ಲಿ ಬ್ಯುರೆಟ್ ಹಿಡಿದರೆ ಕೈ ನಡುಗದೆ ಇರುತ್ತದೆಯೆ? ಎರಡನೆಯ ದೂರು ಹುಡುಗಿಯರ ಶೌಚಾಲಯದ್ದು. ಮಧ್ಯಾಹ್ನದ ಮೇಲೆ ನಲ್ಲಿಯಲ್ಲಿ ನೀರಿಲ್ಲ.

"ವರ್ಷದ ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ಕೊಡ್ತಾರಲ್ಲ, ಅದರಲ್ಲಿ ಬರೀರಿ" ಎಂದೆ, ಬಹಳ ತಿಳಿದವಳ ಹಾಗೆ. ಅವಳು ನಕ್ಕಳು. ಆ ಫಾರ್ಮಿನ ತಲೆಯ ಮೇಲೇ ರಿಜಿಸ್ಟರ್ ನಂಬರ್ ಬರೆಯಬೇಕಂತೆ. ಹಾಗಾಗಿ ಎಲ್ಲರೂ 'ಅತ್ಯುತ್ತಮ' ಎಂಬ ಕಡೆಗೇ ಗುರುತು ಹಾಕುವುದು. ನೀವೇ ಹೇಳಿ, ಅತ್ತೆಯವರು ಎದುರಿಗೇ ಕೂತು "ಸಾರು ಹೇಗಿದೆ?" ಎಂದು ಕೇಳಿದರೆ ಯಾವ ಸೊಸೆ ಉಪ್ಪು ಜಾಸ್ತಿ ಅಂದಾಳು?

ಇಷ್ಟರಲ್ಲಿ, 2024ರಲ್ಲಿ, ಕಾಲೇಜಿಗೆ ನ್ಯಾಕ್ ತಂಡ ಬರುವುದೆಂದಾಯಿತು. 1994ರಲ್ಲಿ ಹುಟ್ಟಿದ ಈ ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲೇ ಇದೆ. ಕಾಲೇಜುಗಳ ಗುಣಮಟ್ಟ ನೋಡಿ ಅದು ಗ್ರೇಡ್ ಕೊಡುತ್ತಿತ್ತು. ಹೊರಗಿನ ಊರುಗಳ ಪ್ರೊಫೆಸರುಗಳು ಬಂದು, ವಿದ್ಯಾರ್ಥಿಗಳನ್ನೂ ತಂದೆತಾಯಿಗಳನ್ನೂ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಒಂದು ವಾರದಲ್ಲಿ ಕಾಲೇಜಿಗೆ ಸುಣ್ಣ ಬಣ್ಣವಾಯಿತು, ಹೂವಿನ ಕುಂಡಗಳು ಬಂದವು, ನಲ್ಲಿಯಲ್ಲಿ ದಿನವಿಡೀ ನೀರು ಬಂತು! ಥೇಟ್ ನಮ್ಮ ಮನೆಗಳಲ್ಲಿ ಹೆಣ್ಣು ನೋಡಲು ಬರುವಾಗ ಮಾಡುವ ಹಾಗೆ. ಪಾಲಕರಲ್ಲಿ ಹತ್ತು ಜನರನ್ನು ಆರಿಸಿ ಕರೆದರು, ಅದರಲ್ಲಿ ನಾನೂ ಒಬ್ಬಳು. ಒಬ್ಬ ಉಪನ್ಯಾಸಕರು ಬಾಗಿಲ ಬಳಿ, "ಅಮ್ಮಾ, ಎಲ್ಲಾ ಚೆನ್ನಾಗಿದೆ ಅಂತ ಹೇಳಿ, ಕಾಲೇಜಿನ ಮರ್ಯಾದೆ" ಎಂದು ಮೆಲ್ಲಗೆ ಹೇಳಿದರು.

ತಂಡದಲ್ಲಿ ಒಬ್ಬರು ಹಿರಿಯ ಮಹಿಳೆ ಇದ್ದರು. ನನ್ನನ್ನೇ ನೋಡಿ, ಹೆಣ್ಣುಮಕ್ಕಳಿಗೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಪಕ್ಕದವರು ಅದನ್ನು ಕನ್ನಡದಲ್ಲಿ ಹೇಳಿದರು. ನನಗೆ ಎಲ್ಲ ನೆನಪಿತ್ತು, ಬಸ್ಸೂ, ನಲ್ಲಿಯೂ. ಆದರೂ ಬಾಯಿಂದ ಬಂದದ್ದು, "ಏನೂ ಇಲ್ಲ ಮೇಡಂ, ಎಲ್ಲಾ ಚೆನ್ನಾಗಿದೆ." ಆಮೇಲೆ ಕೇಸರಿಬಾತು ಕೊಟ್ಟರು. ತುಪ್ಪ ಧಾರಾಳವಾಗಿತ್ತು, ಆದರೆ ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಮಗಳು, "ಅಮ್ಮ, ಏನಂದೆ?" ಎಂದಳು. ನಾನು ಹೇಳಿದೆ. ಅವಳು ಬೈಯಲಿಲ್ಲ, ಸುಮ್ಮನೆ ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಆ ರಾತ್ರಿ ನನ್ನ ಹೈಸ್ಕೂಲು ನೆನಪಾಯಿತು. ನಮ್ಮ ಶಾಲೆಯ ಹುಡುಗಿಯರ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ತಿಂಗಳಿಗೆ ನಾಲ್ಕು ದಿನ ನಾವೆಲ್ಲ ಮನೆಯಲ್ಲೇ. ಎಸ್ಸೆಸ್ಸೆಲ್ಸಿ ವರ್ಷ ಆ ನಾಲ್ಕು ದಿನಗಳಲ್ಲೇ ಲೆಕ್ಕದ ತ್ರಿಕೋನಮಿತಿ ಪೂರ್ತಿ ಮುಗಿದುಹೋಗಿತ್ತು. ಪರೀಕ್ಷೆಯಲ್ಲಿ ಅದರ ಪ್ರಶ್ನೆ ಹಾಗೇ ಬಿಟ್ಟುಬಂದೆ. ಪಾಸಾದೆ, ಆದರೆ ಸೆಕೆಂಡ್ ಕ್ಲಾಸು. "ಇಷ್ಟಕ್ಕೆ ಪಿಯುಸಿ ಯಾಕೆ" ಅಂದರು ನಮ್ಮಪ್ಪ. ಒಂದು ಬಾಗಿಲು ಬೇಕು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಬೆಳಗ್ಗೆ ಕಾಫಿ ಕೊಡುತ್ತಾ ಮಗಳಿಗೆ ಹೇಳಿದೆ, "ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ ಕಣೇ. ಬರಿ. ಎಷ್ಟು ಜನ, ಯಾವ ಊರು, ಎಷ್ಟು ಗಂಟೆ ಬಸ್ಸು, ಎಲ್ಲ ಬರಿ." ಇದು ನನಗೆ ಕಾಲೇಜು ಕಲಿಸಿದ್ದಲ್ಲ, ನಮ್ಮ ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕ ಕಲಿಸಿದ್ದು. ಎಂಟು ವರ್ಷದಿಂದ ಅದನ್ನು ಬರೆಯುವವಳು ನಾನೇ. ಬರೆದು ಸಹಿ ಹಾಕಿಸದ ಮಾತನ್ನು ಬ್ಯಾಂಕಿನವರು ಒಪ್ಪಿದ್ದನ್ನು ನಾನು ಕಂಡಿಲ್ಲ.

ಅವಳು ಒಂದು ವಾರ ಕೂತು ಪಟ್ಟಿ ಮಾಡಿದಳು. ಅವಳ ಬ್ಯಾಚಿನಲ್ಲಿ 38 ಜನ, ಹಳ್ಳಿಯಿಂದ ಬರುವ ಹುಡುಗಿಯರು 17, ಅದರಲ್ಲಿ ಅರ್ಧಕ್ಕೆ ಎದ್ದು ಹೋಗುವವರು 11. ಪಟ್ಟಿ ಮಾಡುತ್ತಲೇ ಇನ್ನೂ ಕೆಲವು ಸಂಗತಿ ತಿಳಿದವು. ಪ್ರತಿ ಕಾಲೇಜಿನಲ್ಲೂ ಗುಣಮಟ್ಟ ನೋಡಿಕೊಳ್ಳಲು ಐ.ಕ್ಯು.ಎ.ಸಿ. ಎಂಬುದಿರಬೇಕಂತೆ, ಅದರಲ್ಲಿ ವಿದ್ಯಾರ್ಥಿಗಳ ಕಡೆಯವರೂ ಇರಬೇಕೆಂದು ನ್ಯಾಕ್ ಹೇಳುತ್ತದೆ. ಇವರ ಕಾಲೇಜಿನ ಬೋರ್ಡಿನಲ್ಲಿ ಹುಡುಕಿದರೆ ವಿದ್ಯಾರ್ಥಿ ಸದಸ್ಯನ ಹೆಸರಿತ್ತು. ಅಯ್ಯೋ ರಾಮ, ಅವನು ಪಾಸಾಗಿ ಎರಡು ವರ್ಷವಾಗಿ ಬೆಂಗಳೂರಲ್ಲಿ ಕೆಲಸಕ್ಕೂ ಸೇರಿಕೊಂಡಿದ್ದ! ಫೀಡ್‌ಬ್ಯಾಕ್ ತೆಗೆದುಕೊಂಡರೆ ಸಾಲದು, ಅದನ್ನು ಓದಿ ಏನು ಕ್ರಮ ಕೈಗೊಂಡೆವು ಎಂಬುದನ್ನೂ ಕಾಲೇಜು ಪ್ರಕಟಿಸಬೇಕೆಂದು ನ್ಯಾಕ್‌ನವರೇ ಕೇಳುತ್ತಿದ್ದರಂತೆ. ನನಗೆ ಬಹಳ ಹಿಡಿಸಿದ್ದು ಇದು. ಉಪ್ಪು ಜಾಸ್ತಿ ಎಂದು ಕೇಳಿಸಿಕೊಂಡರೆ ಆಯಿತೆ? ಮಾರನೆಯ ದಿನದ ಸಾರಲ್ಲಿ ಕಾಣಬೇಡವೆ?

ಇನ್ನೊಂದು ಮಾತು, ಇದನ್ನು ದಯವಿಟ್ಟು ಗುರುತು ಹಾಕಿಟ್ಟುಕೊಳ್ಳಿ. ಯುಜಿಸಿ 2023ರಲ್ಲಿ ತಂದ ನಿಯಮದ ಪ್ರಕಾರ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು, ಒಬ್ಬ ವಿದ್ಯಾರ್ಥಿ ಪ್ರತಿನಿಧಿಯನ್ನು ವಿಶೇಷ ಆಹ್ವಾನಿತರಾಗಿ ಕರೆಯಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮತ್ತೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಎಂಬವರ ಹತ್ತಿರ ಹೋಗಬಹುದು. ಅಲ್ಲಿಗೆ ಹೋಗುವ ಸಂದರ್ಭ ನಮಗೆ ಬರಲಿಲ್ಲ.

ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಮೊಹರು ಹಾಕಿಸಿಕೊಂಡು ಬಾ ಎಂದಿದ್ದೆ. ಗುಮಾಸ್ತರು "ಇದಕ್ಕೆಲ್ಲ ಮೊಹರು ಯಾಕಮ್ಮ" ಅಂದರಂತೆ. ಹಾಕುವವರೆಗೆ ನಿಂತೇ ಇದ್ದಳಂತೆ. ಕೆಳಗೆ 31 ಸಹಿ. ಒಬ್ಬಳೇ ಬರೆದರೆ ಇಂಟರ್ನಲ್ ಭಯ. 31 ಜನರ ಇಂಟರ್ನಲ್ ಯಾರು ಕಡಿಯುತ್ತಾರೆ?

ಆಮೇಲೆ ಬಂದ ಪಾಲಕರ ಸಭೆಗೆ ನಾನೂ ಹೋದೆ. ಕೈ ಬೆವರುತ್ತಿತ್ತು. ಎದ್ದು ನಿಂತು, "ಸಾರ್, ಹೋದ ಸಲ ಎಲ್ಲಾ ಚೆನ್ನಾಗಿದೆ ಅಂದವಳು ನಾನೇ. ಅದು ಪೂರ್ತಿ ನಿಜ ಆಗಿರಲಿಲ್ಲ" ಎಂದೆ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರ ಮುಖ ಕೆಂಪಾದರೂ ಮಾತು ಪೂರ್ತಿ ಕೇಳಿಸಿಕೊಂಡರು. ಬಸ್ಸಿನ ಸಮಯ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲವಂತೆ! ಸ್ವಂತ ಕಾರಲ್ಲಿ ಬರುವವರಿಗೆ ಹೇಗೆ ಗೊತ್ತಾಗಬೇಕು?

ಮೂರು ವಾರದಲ್ಲಿ ಹಳ್ಳಿಯ ಹುಡುಗಿಯರ ಪ್ರಾಕ್ಟಿಕಲ್ ಬೆಳಗಿನ ಬ್ಯಾಚಿಗೆ ಬಂತು. ಪಟ್ಟಣದ ಕೆಲವು ಹುಡುಗರಿಗೆ ಸಂಜೆಯ ಬ್ಯಾಚು ಬಿದ್ದು ಅವರು ಮಗಳ ಮೇಲೆ ಮುನಿಸಿಕೊಂಡಿದ್ದೂ ಆಯಿತು. ಕ್ರಿಕೆಟ್ಟಿಗೆ ಅಡ್ಡಿಯಂತೆ. ಅವರೂ ಅವಳ ಕಡೆಯವರೇ ಅಲ್ಲವೆ, ಅವರ ಮಾತನ್ನೂ ಕೇಳಬೇಕಾಯಿತು. ಫೀಡ್‌ಬ್ಯಾಕ್ ಫಾರ್ಮಿನಿಂದ ರಿಜಿಸ್ಟರ್ ನಂಬರ್ ತೆಗೆದಿದ್ದಾರೆ. ನಲ್ಲಿ ಮಾತ್ರ ಇನ್ನೂ ಹಾಗೇ ಇದೆ. ಟ್ಯಾಂಕಿಗೆ ಹಣ ಮಂಜೂರಾಗಬೇಕು ಅನ್ನುತ್ತಾರೆ. ಮಗಳು ಕಾಲೇಜು ಮುಗಿಸುವ ಮುಂಚೆ ಫೈಲನ್ನು ಜೂನಿಯರ್ ಹುಡುಗಿಯೊಬ್ಬಳ ಕೈಗೆ ಕೊಟ್ಟಳು, ಮೊಹರಿರುವ ಪ್ರತಿಯ ಸಮೇತ.

ಆ ಹುಡುಗಿಯ ತಾಯಿ ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದರು. ಶನಿವಾರ ಮತ್ತೆ ಪಾಲಕರ ಸಭೆಯಂತೆ. "ನನಗೆ ಮಾತಾಡೋಕೆ ಭಯ ಅಕ್ಕ, ನೀವೂ ಜೊತೆಗೆ ಬನ್ನಿ, ಪಕ್ಕದಲ್ಲಿ ಕೂತಿದ್ರೆ ಸಾಕು" ಅಂದರು. ಬರುತ್ತೇನೆ ಎಂದಿದ್ದೇನೆ. ಹುಳಿಗೆ ಬೇಳೆ ಬೆಳಗ್ಗೇನೇ ಬೇಯಿಸಿಟ್ಟು ಹೋಗಬೇಕು.