ಕಾನಿನ ನೆರಳೂ ಸೇತುವೆಯ ಹಾದಿಯೂ

ಕಾಡು ಎಂಬ ಮಾತು ಕನ್ನಡನಾಡಿನ ಎಲ್ಲೆಡೆಯೂ ಉಂಟು. 'ಕಾನು' ಎಂಬುದು ಮಲೆನಾಡಿನವರ ಮಾತು. ಮರಗಳಿರುವ ಎಡೆಯೆಲ್ಲ ಕಾಡೇ. ಆದರೆ ವರ್ಷದ ಹನ್ನೆರಡು ತಿಂಗಳೂ ಹಸಿರಾಗಿದ್ದು, ಒಡಲಲ್ಲಿ ನೀರಿನ ಸೆಲೆಯನ್ನಿಟ್ಟುಕೊಂಡು, ನಡುಹಗಲಿನಲ್ಲೂ ಮುಸ್ಸಂಜೆಯ ಮಬ್ಬನ್ನು ಹೊದ್ದಿರುವ ದಟ್ಟಾರಣ್ಯಕ್ಕೆ ಮಾತ್ರ ಕಾನು ಎಂಬ ಹೆಸರು ಸಲ್ಲುತ್ತದೆ. ಹಿರಿಯರು ಅದರಲ್ಲಿ ದೇವರನ್ನು ನೆಲೆಗೊಳಿಸಿದರು, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದರು, ಅದರಿಂದ ಹರಿದು ಬಂದ ನೀರಿನಿಂದ ಗದ್ದೆ ತೋಟಗಳನ್ನು ಬೆಳೆದರು. ಕೊಡಲಿಯನ್ನು ಮಾತ್ರ ಹೊರಗೆ ನಿಲ್ಲಿಸಿದರು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು 1868ರಲ್ಲಿ ಸೊರಬದ ಕಾನುಗಳ ಬಗ್ಗೆ ಪ್ರತ್ಯೇಕ ವರದಿಯನ್ನೇ ಬರೆಯಬೇಕಾಯಿತೆಂದರೆ, ಇವು ಸಾಮಾನ್ಯ ಅಡವಿಗಳಲ್ಲವೆಂಬುದು ಪರದೇಶದವರಿಗೂ ಗೋಚರವಾಗಿತ್ತು.

ಇಂತಹ ಕಾನುಗಳು ಇನ್ನೂ ಹೆಚ್ಚಾಗಿ ಉಳಿದಿರುವ ನಾಡೆಂದರೆ ಶರಾವತಿಯ ಕಣಿವೆ. ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 830 ಅಡಿ ಆಳಕ್ಕೆ ಧುಮುಕಿ, ಗೇರುಸೊಪ್ಪೆಯ ಮೂಲಕ ಹೊನ್ನಾವರದಲ್ಲಿ ಕಡಲನ್ನು ಸೇರುವ ಈ ನದಿಯ ಇಕ್ಕೆಲಗಳಲ್ಲಿ ಇತಿಹಾಸವೂ ಅರಣ್ಯವೂ ಹೆಣೆದುಕೊಂಡಿವೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಅನಂತರ ಈ ಸೀಮೆ ಕೆಳದಿಯ ಅರಸರ ವಶವಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟವನ್ನು ಹತ್ತಿ, ವೆಂಕಟಪ್ಪ ನಾಯಕನ ರಾಜಧಾನಿಯಾದ ಇಕ್ಕೇರಿಯನ್ನು ತಲುಪಿದನು. ದಾರಿಯ ಅಡವಿಯ ಚೆಲುವನ್ನು ಅವನು ತನ್ನ ಪತ್ರಗಳಲ್ಲಿ ಮನದುಂಬಿ ವರ್ಣಿಸಿದ್ದಾನೆ. ಕೆಳದಿಯ ಅರಸರ ಕಡೆಯ ರಾಜಧಾನಿ ಬಿದನೂರಿಗೆ ಕಲ್ಲಿನ ಕೋಟೆಗಿಂತ ಕಾಡೇ ದೊಡ್ಡ ಕೋಟೆಯಾಗಿತ್ತು. 1763ರಲ್ಲಿ ಹೈದರಾಲಿ ಆ ನಗರವನ್ನು ಹಿಡಿದದ್ದು ಗುಟ್ಟಿನ ಕಾಡುಹಾದಿಯೊಂದನ್ನು ಬಲ್ಲವನ ನೆರವಿನಿಂದ ಎಂದು ಇತಿಹಾಸಕಾರರು ಹೇಳುತ್ತಾರೆ. ಕಾಡಿನಲ್ಲಿ ಹಾದಿ ತೆರೆಯುವವನು ಅದರಲ್ಲಿ ಯಾರು ಬರಬೇಕೆಂಬುದನ್ನು ನಿಶ್ಚಯಿಸಲಾರನು. ಈ ಪಾಠ ಅರಸರ ಕಾಲಕ್ಕೆ ಮಾತ್ರ ಸೀಮಿತವಲ್ಲ.

ಕಳೆದ ಮಾಗಿಯಲ್ಲಿ ನಾವು ಸಾಗರದಿಂದ ಹೊರಟು, ನಿವೃತ್ತ ಉಪಾಧ್ಯಾಯ ಮಿತ್ರರೊಬ್ಬರ ಜೊತೆಯಲ್ಲಿ ಈ ಕಣಿವೆಯಲ್ಲಿ ನಾಲ್ಕು ದಿನ ಸಂಚರಿಸಿದೆವು. ಅಂಬಾರಗೋಡ್ಲಿನಿಂದ ಕಳಸವಳ್ಳಿಯವರೆಗೆ ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಈಗ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆಯಿದೆ. 2025ರ ಜುಲೈ 14ರಂದು ಅದು ಸಂಚಾರಕ್ಕೆ ತೆರೆಯಿತು. ಗೋಪುರಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ನೀರಿನ ಮೇಲೆ ವೀಣೆಯ ತಂತಿಗಳಂತೆ ತೋರುತ್ತವೆ. ಹಿಂದೆ ನಾವು ಸಿಗಂದೂರಿನ ಕಡೆಗೆ ಹೋದಾಗ ಲಾಂಚಿಗಾಗಿ ದಡದಲ್ಲಿ ಗಂಟೆಗಟ್ಟಲೆ ಕಾದದ್ದುಂಟು. ಈಗ ನೀರನ್ನು ದಾಟಲು ಐದು ನಿಮಿಷವೂ ಬೇಡ.

ಈ ಸೇತುವೆಯನ್ನು ಕುರಿತು ಮಾತನಾಡುವವನು ಮೊದಲು ಅದರ ಆಚೆಯ ದಡದ ಜನರ ಮಾತನ್ನು ಕೇಳಬೇಕು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಾಗ ನಾಡಿಗೆ ಬೆಳಕು ಬಂದಿತು. ಕರೂರು, ಬಾರಂಗಿ ಹೋಬಳಿಗಳ ಜನರಿಗೆ ಮಾತ್ರ ನೀರೇ ಗಡಿಯಾಯಿತು. ಹೊಲ ಗದ್ದೆ, ಗುಡಿ, ಮನೆ, ಹಿರಿಯರ ಸಮಾಧಿಗಳು ಮುಳುಗಿದವು. ಉಳಿದವರು ಮೂರು ಕಡೆ ನೀರು, ಒಂದು ಕಡೆ ಕಾಡು ಎಂಬಂತಾದರು. ತುಮರಿಯಲ್ಲಿ ವೃದ್ಧರೊಬ್ಬರು ನಮ್ಮನ್ನು ಜಗಲಿಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, "ಗುರುಗಳೇ, ನಮ್ಮ ನೆಲದಾಗೆ ಹುಟ್ಟಿದ ಕರೆಂಟು ಬೆಂಗಳೂರಿಗೆ ಹೋಗಿ ಎಷ್ಟೋ ವರ್ಷದ ಮೇಲೆ ನಮ್ಮನೆಗೆ ಬಂತು. ಕಡೇ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದ್ರೆ ದೇವರೇ ಗತಿ ಆಗಿತ್ತು" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೇಸಿಗೆಯ ಕೊನೆಯಲ್ಲಿ ನೀರು ತಗ್ಗಿದರೆ ಲಾಂಚಿನ ಮೇಲೆ ವಾಹನ ಹೇರುವುದೂ ನಿಲ್ಲುತ್ತಿತ್ತು. ಅರವತ್ತು ವರ್ಷಗಳ ಸಾಲವನ್ನು ನಾಡು ಈಗ ತೀರಿಸಿದೆ. ಇದನ್ನು ಉಪಕಾರವೆಂದು ಕರೆಯುವುದು ತರವಲ್ಲ, ಇದು ಋಣಪರಿಹಾರ. ಪಟ್ಟಣದ ದೀಪದ ಕೆಳಗೆ ಕುಳಿತು "ಸೇತುವೆಯೇ ಬೇಡವಾಗಿತ್ತು" ಎನ್ನುವ ಅಧಿಕಾರ ನಮಗಾರಿಗೂ ಇಲ್ಲ.

ಆದರೆ ಪ್ರಶ್ನೆ ಸೇತುವೆಯಲ್ಲಿ ಮುಗಿಯುವುದಿಲ್ಲ, ಅಲ್ಲಿ ಆರಂಭವಾಗುತ್ತದೆ. ಸೇತುವೆ ನಿಂತಿರುವುದು ನೀರಿನ ಮೇಲೆ. ಅದರ ಮೇಲೆ ಬಂದ ವಾಹನ ಮುಂದೆ ಸಾಗಬೇಕಾದುದು ಕಾಡಿನ ನಡುವೆ. ಹಿನ್ನೀರಿನಿಂದ ಕೊಲ್ಲೂರು, ಭಟ್ಕಳಗಳ ಕಡೆಗೆ ಇಳಿಯುವ ಹಾದಿಗಳೆಲ್ಲ ಘಟ್ಟದ ಅಂಚಿನ ಮಳೆಕಾಡುಗಳನ್ನು ಹಾಯ್ದೇ ಹೋಗಬೇಕು. 1972ರಲ್ಲಿ ಇಲ್ಲಿ ಶರಾವತಿ ಕಣಿವೆ ಅಭಯಾರಣ್ಯ ರೂಪುಗೊಂಡಿತು. 2019ರಲ್ಲಿ ಸುತ್ತಣ ಅರಣ್ಯಗಳನ್ನು ಕೂಡಿಸಿ, ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಲಾಯಿತು. ಹಾದಿ ಹತ್ತಿರವಾದಂತೆ ಯಾತ್ರಿಕರು ಹೆಚ್ಚುತ್ತಾರೆ. ಯಾತ್ರಿಕರು ಹೆಚ್ಚಿದಂತೆ ರಸ್ತೆ ಅಗಲವಾಗಲಿ, ತಿರುವುಗಳು ನೇರವಾಗಲಿ, ಬದಿಯಲ್ಲಿ ಹೋಟೆಲು, ತಂಗುದಾಣಗಳು ಬರಲಿ ಎಂಬ ಬೇಡಿಕೆ ಸಹಜವಾಗಿಯೇ ಹುಟ್ಟುತ್ತದೆ. ಒಂದೊಂದು ಬೇಡಿಕೆಯೂ ಬಿಡಿಯಾಗಿ ನೋಡಿದರೆ ಸಣ್ಣದು. ಎಲ್ಲವೂ ಕೂಡಿದಾಗ ಕಾನು ಇಲ್ಲವಾಗುತ್ತದೆ.

ರಸ್ತೆಗಾಗಿ ಕಡಿದ ಮರಗಳ ಎಣಿಕೆಯನ್ನೇ ಹಾನಿಯ ಅಳತೆಯೆಂದು ಬಹುಮಂದಿ ಭಾವಿಸುತ್ತಾರೆ. ಇದು ಸರಿಯಾದ ಲೆಕ್ಕವಲ್ಲ. ಕಾನಿನ ಜೀವ ಅದರ ಮೇಲ್ಛಾವಣಿಯಲ್ಲಿದೆ. ಮರದ ನೆತ್ತಿಗಳು ಒಂದಕ್ಕೊಂದು ತಾಕಿರುವುದರಿಂದ ಒಳಗೆ ತಂಪೂ ತೇವವೂ ನಿಲ್ಲುತ್ತವೆ. ರಸ್ತೆ ಅಗಲವಾಗಿ ಛಾವಣಿ ಸೀಳಿದೊಡನೆ ಬಿಸಿಲೂ ಗಾಳಿಯೂ ಒಳನುಗ್ಗಿ, ಅಂಚಿನ ತೇವ ಆರಿ, ನೆರಳನ್ನು ನೆಚ್ಚಿದ ಸಸಿಗಳು ಸೊರಗುತ್ತವೆ. ಆ ಜಾಗಕ್ಕೆ ಲಂಟಾನ, ಯುಪಟೋರಿಯಂ ಮೊದಲಾದ ಪರದೇಶದ ಕಳೆಗಳು ಬರುತ್ತವೆ. ಬೇಸಿಗೆಯಲ್ಲಿ ಅವು ಒಣಗಿದರೆ ಬೆಂಕಿಗೆ ಹಾದಿ. ಇನ್ನು ಇಳಿಜಾರನ್ನು ಕೆತ್ತಿದ ಎಡೆಯಲ್ಲಿ ಮಳೆಗಾಲದ ನೀರು ಮಣ್ಣನ್ನು ಹಿಡಿದಿಟ್ಟ ಬೇರುಗಳಿಲ್ಲದೆ ಗುಡ್ಡವನ್ನೇ ಕೆಳಗೆ ತರುತ್ತದೆ. ಘಟ್ಟದ ರಸ್ತೆಗಳ ಮೇಲೆ ಮಳೆಗಾಲದಲ್ಲಿ ಧರೆ ಕುಸಿಯುವ ಸುದ್ದಿಯನ್ನು ಓದುಗರು ಆಗಾಗ ಕೇಳುತ್ತಲೇ ಇದ್ದಾರೆ.

ಈ ಸೂಕ್ಷ್ಮವನ್ನು ಕಣ್ಣಾರೆ ಕಾಣಬೇಕಾದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಬೇಕು. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಹೆದ್ದಾರಿಯ ಸಮೀಪದಲ್ಲೇ ಇರುವ ಈ ಕಾನಿನಲ್ಲಿ ರಾಮಪತ್ರೆ ಜಡ್ಡಿ ಎಂಬ ಅಪೂರ್ವವಾದ ಜೌಗುನೆಲವಿದೆ. ಜಾಯಿಕಾಯಿಯ ಕುಲಕ್ಕೆ ಸೇರಿದ ಮರಗಳು ಅಲ್ಲಿ ಸದಾ ನೀರಿನಲ್ಲಿ ನಿಂತಿವೆ. ಕೆಸರಿನಲ್ಲಿ ಉಸಿರು ಸಾಲದಾದ ಕಾರಣ ಅವುಗಳ ಬೇರುಗಳು ಮಂಡಿ ಮಡಿಸಿದಂತೆ ನೆಲದ ಮೇಲೆ ಎದ್ದು ಗಾಳಿಯನ್ನು ಹೀರುತ್ತವೆ. ಬಹು ಪುರಾತನವಾದ ಸಸ್ಯಪರಂಪರೆಯ ಉಳಿಕೆ ಇದು. ವಿಜ್ಞಾನಿಗಳು ಇಲ್ಲಿ ಗುರುತಿಸಿದ ಗೇರಿನ ಕುಟುಂಬದ ಮರವೊಂದಕ್ಕೆ 2000ದಲ್ಲಿ ಈ ಕಾನಿನ ಹೆಸರನ್ನೇ ಇಟ್ಟರು. ಈ ಜಡ್ಡಿಗೆ ಬೇಕಾದುದು ಒಂದೇ: ವರ್ಷವಿಡೀ ಮಂದವಾಗಿ ಹರಿಯುವ ನೀರು. ಮೇಲಿನ ಇಳಿಜಾರಿನಲ್ಲಿ ರಸ್ತೆಯ ಒಂದು ಚರಂಡಿ ನೀರಿನ ದಿಕ್ಕನ್ನು ಬದಲಿಸಿದರೆ ಸಾಕು, ಒಂದು ಮರವನ್ನೂ ಕಡಿಯದೆ ಇಡೀ ಜಡ್ಡಿಯನ್ನು ಕೊಲ್ಲಬಹುದು.

ಈ ನಾಡಿನ ಇನ್ನೊಬ್ಬ ನಿವಾಸಿ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ನರೆತ ಕೇಸರ, ಬಾಲದ ತುದಿಯಲ್ಲಿ ಸಿಂಹದಂತೆ ಕುಚ್ಚು. ಜಗತ್ತಿನಲ್ಲಿ ಪಶ್ಚಿಮ ಘಟ್ಟಗಳನ್ನು ಬಿಟ್ಟು ಬೇರೆಲ್ಲಿಯೂ ಇದರ ಕಾಡುನೆಲೆಯಿಲ್ಲ. ಕಾಡಿನಲ್ಲಿ ಉಳಿದಿರುವ ಒಟ್ಟು ಸಂಖ್ಯೆ ನಾಲ್ಕು ಸಾವಿರವನ್ನು ಮೀರದೆಂದು ಅಂದಾಜು. ಇದು ಬಾಳುವುದೆಲ್ಲ ಮರದ ಮೇಲೆ. ಹಲಸು, ಉಪ್ಪಾಗೆ ಮೊದಲಾದ ಹಣ್ಣುಗಳನ್ನು ಅರಸುತ್ತ ಕೊಂಬೆಯಿಂದ ಕೊಂಬೆಗೆ ಸಾಗುತ್ತದೆ. ಆರು ವರ್ಷ ದಾಟಿದ ಮೇಲಷ್ಟೇ ಹೆಣ್ಣು ಮೊದಲ ಮರಿಯನ್ನು ಹೆರುತ್ತದೆ. ಮುಂದಿನ ಮರಿಗೆ ಎರಡು ವರ್ಷಕ್ಕೂ ಮಿಕ್ಕ ಅಂತರ. ಹೀಗಿರುವಾಗ ರಸ್ತೆಯಲ್ಲಿ ಸತ್ತ ಒಂದು ತಾಯಿಯ ನಷ್ಟವನ್ನು ತುಂಬಲು ಎಷ್ಟು ಕಾಲ ಬೇಕೆಂಬುದನ್ನು ಓದುಗರೇ ಎಣಿಸಬಹುದು. ತಮಿಳುನಾಡಿನ ವಾಲ್ಪಾರೆಯಲ್ಲಿ ಮರದ ಸಂಪರ್ಕ ಕಡಿದುಹೋದ ಎಡೆಗಳಲ್ಲಿ ಇವು ನೆಲಕ್ಕಿಳಿದು ವಾಹನಗಳಿಗೆ ಸಿಕ್ಕಿ ಸತ್ತವು. ಆಮೇಲೆ ಅಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಿದರು. ಸಿಂಗಳೀಕಗಳು ಅವುಗಳ ಮೇಲೆ ನಡೆದವು. ಮನುಷ್ಯನಿಗೊಂದು ಸೇತುವೆ ಕಟ್ಟಿದವರು ಮೂಕಜೀವಿಗೂ ಒಂದನ್ನು ಕಟ್ಟಬಲ್ಲರು.

ಹಾಗಾದರೆ ಮಾಡಬೇಕಾದುದೇನು? ಕಳಸವಳ್ಳಿಯ ಆಚೆಯ ಕಾಡುರಸ್ತೆಗಳು ಊರಿನವರ ಬಸ್ಸಿಗೆ, ರೋಗಿಯ ವಾಹನಕ್ಕೆ, ಅಡಿಕೆಯ ಮೂಟೆಗೆ ಸಾಕಾಗುವಷ್ಟು ಗಟ್ಟಿಯಾಗಿರಲಿ. ಅಗಲವನ್ನು ಮಾತ್ರ ಹೆಚ್ಚಿಸುವುದು ಬೇಡ. ತೊರೆಯಿರುವ ಎಡೆಯಲ್ಲೆಲ್ಲ ನೀರು ತನ್ನ ಹಳೆಯ ಪಾತ್ರದಲ್ಲೇ ಹರಿಯುವಂತೆ ಮೋರಿಗಳಿರಲಿ. ಛಾವಣಿ ಕೂಡಿದ ಮರಗಳನ್ನು ಗುರುತಿಸಿ ಉಳಿಸಲಿ. ರಾತ್ರಿಯಲ್ಲಿ ಹೊರಗಿನ ವಾಹನಗಳ ಸಂಚಾರವನ್ನು ನಿಲ್ಲಿಸಲಿ. ಇದು ಆಗದ ಮಾತಲ್ಲ: ಬಂಡೀಪುರದಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರವನ್ನು ನಿಷೇಧಿಸಿದಾಗ ವಿರೋಧ ಎದ್ದಿತು, ಉಚ್ಚ ನ್ಯಾಯಾಲಯ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ರೋಗಿಗಳ ವಾಹನಕ್ಕೂ ಕೆಲವು ಬಸ್ಸುಗಳಿಗೂ ವಿನಾಯಿತಿಯಿತ್ತು. ನಾಡಿನ ವ್ಯಾಪಾರವೇನೂ ಅಳಿಯಲಿಲ್ಲ.

ಕೊನೆಗೆ ನಮ್ಮ ಓದುಗ ಬಂಧುಗಳಲ್ಲಿ ಒಂದು ಮಾತು. ನಮ್ಮಲ್ಲಿ ಅನೇಕರು ಕುಟುಂಬಸಮೇತರಾಗಿ ಕೆಳದಿ, ಇಕ್ಕೇರಿಗಳನ್ನು ನೋಡಿ, ಸಿಗಂದೂರು, ಕೊಲ್ಲೂರುಗಳಿಗೂ ಹೋಗಿಬರುತ್ತಾರೆ. ಕಾಡಿನ ಹಾದಿಯಲ್ಲಿ ವಾಹನ ನಿಲ್ಲಿಸಿ ಕೋತಿಗೆ ತಿಂಡಿ ಎಸೆಯುವುದು ದಯೆಯಲ್ಲ. ಅದು ಪ್ರಾಣಿಯನ್ನು ರಸ್ತೆಗೆ ಕರೆದು ಕೊಲ್ಲುವ ದಾರಿ. ಪ್ಲಾಸ್ಟಿಕ್ಕನ್ನು ಮನೆಗೆ ಮರಳಿ ತನ್ನಿ. ನಿಧಾನವಾಗಿ ಸಾಗಿ, ಹಗಲಿನಲ್ಲೇ ದಾಟಿ. ದಯೆಯನ್ನು ಧರ್ಮದ ಬೇರೆಂದು ತಿಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅರ್ಧ ಗಂಟೆ ಬೇಗ ತಲುಪಬೇಕೆಂಬ ನಮ್ಮ ಆತುರವೇ ನಾಳೆ ರಸ್ತೆ ಅಗಲವಾಗಬೇಕೆಂಬ ಬೇಡಿಕೆಯಾಗಿ ಸರ್ಕಾರದ ಮೇಜನ್ನು ಸೇರುತ್ತದೆ. ನಡುಗಡ್ಡೆಯ ಜನರಿಗೆ ಅವರ ಸೇತುವೆ ದಕ್ಕಿತು. ಅದರ ನೆಪದಲ್ಲಿ ಅವರ ಕಾನನ್ನು ಕಸಿಯದಿರುವುದು ಹೊರಗಿನಿಂದ ಹೋಗುವ ನಮ್ಮೆಲ್ಲರ ಹೊಣೆ.