ಕಿವಿ ನಿನ್ನದು, ಕೈ ನಂದು

ಕಾರು ಟ್ಯೂನ್ ಮಾಡೋಕೆ ಲ್ಯಾಪ್‌ಟಾಪ್ ಬೇಡ, ಒಂದು ಮೊಳ ರಬ್ಬರ್ ಪೈಪು ಮತ್ತು ಒಳ್ಳೆ ಕಿವಿ ಸಾಕು ಅಂತ ನಂಗೆ ಗೊತ್ತಾಗಿದ್ದು ಇಂಗ್ಲೆಂಡಿನ ಆಬಿಂಗ್ಡನ್‌ಗೆ ಕೆಲಸಕ್ಕೆ ಬಂದ ಮೇಲೆ. ಎಂಜಿ ಸ್ಪೋರ್ಟ್ಸ್ ಕಾರುಗಳ ಕಾರ್ಖಾನೆ ಇದ್ದಿದ್ದು ಇಲ್ಲೇ. 1980ರಲ್ಲಿ ಮುಚ್ಚಿತು. ಕೊನೆವರೆಗೂ ಅಲ್ಲಿ ದುಡಿದ ಪಕ್ಕದ ಮನೆ ಅಜ್ಜನ ಗ್ಯಾರೇಜಿನಲ್ಲಿ 1967ರ ಎಂಜಿಬಿ ಇದೆ: 1798 ಸಿಸಿ ಎಂಜಿನ್, ಅದಕ್ಕೆ ಎರಡು ಎಸ್‌ಯು ಕಾರ್ಬುರೇಟರ್.

ಎಸ್‌ಯು ಒಳಗೊಂದು ಪಿಸ್ಟನ್ ಇರುತ್ತೆ. ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಅದು ಮೇಲೇಳುತ್ತೆ. ಅದರ ಬುಡದಲ್ಲಿ ತುದಿಗೆ ಬರ್ತಾ ಸಣ್ಣಗಾಗುವ ಸೂಜಿ. ಸೂಜಿ ಮೇಲೇರಿದಷ್ಟೂ ಜೆಟ್‌ನಿಂದ ಹೆಚ್ಚು ಪೆಟ್ರೋಲ್. ಸೆನ್ಸರ್ ಇಲ್ಲ, ಕೋಡ್ ಇಲ್ಲ. ದಿನವಿಡೀ ಸಾಫ್ಟ್‌ವೇರ್ ಬರೆಯೋ ನಂಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು.

ಚಳಿಗಾಲ ಪೂರ್ತಿ ಬಿಚ್ಚಿ ತೊಳೆದ್ವಿ. ಥ್ರಾಟಲ್ ಶಾಫ್ಟ್ ಸವೆದು, ಗಾಳಿ ಕಳ್ಳದಾರೀಲಿ ನುಗ್ತಿತ್ತು. ಹಾಗಿದ್ದಾಗ ಎಷ್ಟು ತಿರುಪು ತಿರುಗಿಸಿದರೂ ಐಡ್ಲಿಂಗ್ ನಿಲ್ಲಲ್ಲ. ಹೊಸ ಶಾಫ್ಟ್, ಹೊಸ ಬುಷ್ ಹಾಕಿಸಿದ್ವಿ. ಪಿಸ್ಟನ್‌ಗೆ ಮಾತ್ರ ಉಪ್ಪುಕಾಗದ ಮುಟ್ಟಿಸೋ ಹಾಗಿಲ್ಲ. ಒಂದರ ಪಿಸ್ಟನ್ ಇನ್ನೊಂದರ ಮುಚ್ಚಳಕ್ಕೆ ಹಾಕೋ ಹಾಗೂ ಇಲ್ಲ, ಅವು ಜೋಡಿ. ಅದಕ್ಕೇ ಎರಡು ಐಸ್‌ಕ್ರೀಮ್ ಡಬ್ಬಿ ಇಟ್ಕೊಂಡಿದ್ವಿ.

ವಾಲ್ವ್ ಗ್ಯಾಪ್, ಇಗ್ನಿಷನ್ ಟೈಮಿಂಗ್ ಮೊದಲು ಸರಿ ಮಾಡಿ, ಆಮೇಲೆ ಕಾರ್ಬುರೇಟರ್. ಏರ್ ಫಿಲ್ಟರ್ ತೆಗೆದು, ಎರಡನ್ನೂ ಕೂಡಿಸೋ ಲಿಂಕ್ ಸಡಿಲಿಸಿ, ಪೈಪಿನ ಒಂದು ತುದಿ ಕಾರ್ಬುರೇಟರ್ ಬಾಯಿಗೆ, ಇನ್ನೊಂದು ಕಿವಿಗೆ. ಎರಡರಲ್ಲೂ 'ಸುಯ್' ಸದ್ದು ಒಂದೇ ಸಮ ಬರ್ಬೇಕು.

ಅಜ್ಜನಿಗೆ ಆ ಸದ್ದೇ ಕೇಳಲ್ಲ. ಹಿಯರಿಂಗ್ ಏಡ್ ಹಾಕಿದ್ರೆ ಅದೇ ಕೀರಲು ಹೊಡೆಯುತ್ತೆ. ಎರಡು ವರ್ಷದಿಂದ ಕಾರು ನಿಂತೇ ಇತ್ತು. ಬೇರೆ ಮೆಕ್ಯಾನಿಕ್ ಮುಟ್ಟೋದು ಇವರಿಗೆ ಇಷ್ಟ ಇಲ್ಲ, ಮಾರಿಬಿಡಿ ಅಂತ ಮಗನ ಒತ್ತಾಯ. "ಕಿವಿ ನಿನ್ನದು, ಕೈ ನಂದು" ಅಂದ್ರು. ಹಿಂದಿನದು ಜೋರು ಅಂತ ನಾನು ಬೆರಳು ತೋರಿಸಿದ್ರೆ ಅವರು ತಿರುಪು ಕೂದಲೆಳೆಯಷ್ಟು ಬಿಡೋರು. ಇಪ್ಪತ್ತು ನಿಮಿಷ ಹೀಗೇ.

ಪೆಟ್ರೋಲ್ ಮಿಶ್ರಣಕ್ಕೆ ಬಂದಾಗ ನನ್ನ ಕಿವಿ ಬೇಡ ಅಂದ್ರು. ನಾನು ಪಿಸ್ಟನ್‌ನ ಒಂಚೂರು, ಅಂದ್ರೆ 1/32 ಇಂಚು, ಎತ್ತಬೇಕು. ಎಂಜಿನ್ ವೇಗ ಏರಿ ಹಾಗೇ ನಿಂತ್ರೆ ಪೆಟ್ರೋಲ್ ಜಾಸ್ತಿ. ತಡವರಿಸಿದ್ರೆ ಕಮ್ಮಿ. ಏರಿದಂಗೆ ಮಾಡಿ ಇಳಿದ್ರೆ ಸರಿ. ಅಜ್ಜ ಎಂಜಿನ್ ಮೇಲೆ ಅಂಗೈ ಊರಿ ಕಣ್ಮುಚ್ಚಿದ್ರು. ಜೆಟ್ ನಟ್‌ಗೆ ಆರು ಮುಖ. "ಮೇಲಕ್ಕೆ ಒಂದು ಮುಖದಷ್ಟು ತಿರುಗಿಸು" ಅಂದ್ರು. ತಿರುಗಿಸಿದೆ. ಮತ್ತೆ ಎತ್ತಿದೆ. ಏರಿದಂಗೆ ಮಾಡಿ ಇಳೀತು.

ಮುಂದಿನ ವರ್ಷ ಇರ್ತೀಯಾ ಅಂತ ಕೇಳಿದ್ರು. ನನ್ನ ವೀಸಾ ಸೆಪ್ಟೆಂಬರ್‌ವರೆಗೆ ಮಾತ್ರ. ಹೋದ ಭಾನುವಾರ ಅವರ ಮೊಮ್ಮಗಳಿಗೆ ಪೈಪು ಹಿಡಿಯೋದು ಹೇಳಿಕೊಟ್ಟೆ. ಅವಳಿಗೆ 11 ವರ್ಷ, ಕಿವಿ ನನಗಿಂತ ಚುರುಕು.