ಮೂರಿಂಚಿನ ಅಲಗು

ಮರ ಬಿದ್ದಾಗ ಡೊನಾಲ್ಡ್ ವೈಮನ್ ಕಾಡಿನಲ್ಲಿ ಒಬ್ಬನೇ ಇದ್ದ. 1993ರ ಜುಲೈ 20. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ, ಪಂಕ್ಸಟಾನಿ ಊರಿನ ಆಸುಪಾಸು. ಗಣಿ ಕಂಪನಿಯೊಂದಕ್ಕಾಗಿ ಜಾಗ ತೆರವು ಮಾಡುವ ಕೆಲಸ. 37 ವರ್ಷದ ಆತ ಚೈನ್‌ಸಾ ಹಿಡಿದು ಮರ ಕೊಯ್ಯುತ್ತಿದ್ದ. ಒಮ್ಮೆಲೇ ಮರ ಸಿಡಿಯಿತು, ಹೊರಳಿತು, ಎಡಗಾಲಿನ ಮೇಲೆ ಅಪ್ಪಳಿಸಿತು. ಮೊಣಕಾಲಿನ ಕೆಳಗೆ ಎಲುಬು ಮುರಿದು, ಮಾಂಸ ಹರಿದು, ಕಾಲು ಮರದಡಿ ಸಿಕ್ಕಿಬಿತ್ತು.

ಕೂಗಿದ. ಮತ್ತೆ ಕೂಗಿದ. ಕೇಳುವವರು ಯಾರೂ ಇರಲಿಲ್ಲ. ಕಾಲಿನ ಕೆಳಗಿನ ಮಣ್ಣು ತೋಡತೊಡಗಿದ. ತುಸು ಆಳಕ್ಕೆ ಹೋಗುತ್ತಲೇ ಕಲ್ಲು ತಾಗಿತು. ಇನ್ನು ತೋಡುವಂತಿಲ್ಲ. ಗಂಟೆ ಕಳೆಯಿತು. ರಕ್ತ ಸೋರುತ್ತಲೇ ಇತ್ತು.

ಆಗ ಕೈ ಜೇಬಿಗೆ ಹೋಯಿತು. ಅಲ್ಲಿದ್ದದ್ದು ಮೂರಿಂಚಿನ ಅಲಗಿನ ಮಡಿಚುವ ಚಾಕು.

ಬೂಟಿನ ಲೇಸ್ ಬಿಚ್ಚಿದ. ಮೊಣಕಾಲಿನ ಕೆಳಗೆ ಸುತ್ತಿ ಕಟ್ಟಿದ. ಚೈನ್‌ಸಾದ ಸ್ಪ್ಯಾನರ್ ಅದರೊಳಗೆ ತೂರಿಸಿ ತಿರುಚಿದ. ಲೇಸ್ ಬಿಗಿಯಿತು, ರಕ್ತ ಹಿಡಿತಕ್ಕೆ ಬಂತು. ಮೊದಲು ಕಟ್ಟು, ಆಮೇಲೆ ಚಾಕು. ಈ ಕ್ರಮ ತಪ್ಪಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ನೋವಿನ ನಡುವೆಯೂ ಆ ಕ್ರಮವನ್ನು ಪಾಲಿಸಿದ ತಲೆಯನ್ನು ನಾನು ಅವನ ಎದೆಗಾರಿಕೆಗಿಂತಲೂ ದೊಡ್ಡದೆಂದು ಎಣಿಸುತ್ತೇನೆ. ನಂತರ ಆತ ಅಲಗು ತೆರೆದು, ಎಲುಬು ಮುರಿದಿದ್ದ ಕಡೆ ತನ್ನ ಕಾಲನ್ನೇ ಕೊಯ್ದ.

ಕೊಯ್ದರೂ ಬದುಕು ಇನ್ನೂ ದೂರದಲ್ಲಿತ್ತು. ಸುಮಾರು 140 ಅಡಿ ತೆವಳಿ ಬುಲ್‌ಡೋಜರ್ ಮುಟ್ಟಿದ. ಹತ್ತಿ, ಸ್ಟಾರ್ಟ್ ಮಾಡಿ, ತನ್ನ ಪಿಕಪ್ ನಿಂತಲ್ಲಿಗೆ ಓಡಿಸಿದ. ಬುಲ್‌ಡೋಜರ್‌ನಿಂದ ಇಳಿದು ಪಿಕಪ್ ಏರಿದ. ಒಂದೇ ಕಾಲಿನಲ್ಲಿ ಅದನ್ನು ನಡೆಸಿಕೊಂಡು ಎರಡು ಕಿಲೋಮೀಟರ್‌ಗೂ ಆಚೆ ಇದ್ದ ಹೈನುಗಾರನ ಮನೆ ಮುಟ್ಟಿ ಸಹಾಯ ಕೇಳಿದ. ಬದುಕಿದ.

ಕೆಲಸಗಾರರ ಜೇಬಿನ ಚಾಕು ಇಂಥ ದಿನಕ್ಕೆಂದು ಮಾಡಿದ್ದಲ್ಲ. ಹಗ್ಗ ಕತ್ತರಿಸು, ವೈರಿನ ತೊಗಟೆ ಸುಲಿ, ರಬ್ಬರ್ ಪೈಪ್ ಕೊಯ್ಯಿ, ಅಂಟಿದ ಗ್ಯಾಸ್ಕೆಟ್ ಕೆರೆ: ಅದರ ದಿನಚರಿ ಇಷ್ಟೇ, ಮತ್ತು ಪ್ರತಿಯೊಂದು ಕೆಲಸವೂ ಅಂಚನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ಇಡೀ ಚಾಕು ನಿಂತಿರುವುದು ಒಂದು ಸಣ್ಣ ಕೀಲಿನ ಮೇಲೆ. ಏನನ್ನಾದರೂ ಮೀಟಿದರೆ ಮೊನೆ ಮುರಿಯುತ್ತದೆ, ಪಕ್ಕಕ್ಕೆ ತಿರುಚಿದರೆ ಕೀಲು ಸಡಿಲವಾಗುತ್ತದೆ. ಲಾಕ್ ಇಲ್ಲದ ಹಳೆಯ ಮಾದರಿಯಲ್ಲಿ ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗ್ ಒಂದೇ. ಬಲವಾಗಿ ಚುಚ್ಚಹೊರಟರೆ ಅಲಗು ಹಿಂದಕ್ಕೆ ಮಡಚಿ ಹಿಡಿದವನ ಬೆರಳಿಗೇ ಬೀಳಬಹುದು. ಎಲ್ಲಕ್ಕಿಂತ ದೊಡ್ಡ ಮಿತಿ ಎಲುಬು. ಇಷ್ಟು ಚಿಕ್ಕ ಅಲಗು ಚರ್ಮ, ಮಾಂಸ, ನರಗಳನ್ನು ದಾಟಬಲ್ಲದು. ಗಟ್ಟಿ ಎಲುಬಿನ ಮುಂದೆ ಅದು ಸೋಲುತ್ತದೆ.

2003ರ ಏಪ್ರಿಲ್ 26ರಂದು ಯೂಟಾ ರಾಜ್ಯದ ಬ್ಲೂಜಾನ್ ಕಣಿವೆಯಲ್ಲಿ ಪರ್ವತಾರೋಹಿ ಆರನ್ ರಾಲ್‌ಸ್ಟನ್‌ನ ಬಲಗೈ ಸುಮಾರು 360 ಕಿಲೋ ತೂಕದ ಬಂಡೆಗೆ ಸಿಕ್ಕಿದಾಗ ನಡೆದದ್ದೂ ಇದೇ. ಅಗ್ಗದ ಮಲ್ಟಿಟೂಲ್‌ನ ಅಲಗಿನಿಂದ ಬಂಡೆಯನ್ನೇ ಕೆತ್ತಿ ಕೆತ್ತಿ ಅಂಚು ಮೊಂಡಾಗಿತ್ತು, ಚರ್ಮವೂ ಸೀಳುತ್ತಿರಲಿಲ್ಲ. ಆಮೇಲೆ ಮೊನೆಯಿಂದ ಚುಚ್ಚಿದರೆ ಎಲುಬು ತಡೆಯಿತು. ಆರನೆಯ ದಿನ ಆತ ತನ್ನ ಮೈಯನ್ನೇ ಸನ್ನೆಯಾಗಿಸಿ, ಸಿಕ್ಕಿಬಿದ್ದ ತೋಳನ್ನು ಬಾಗಿಸಿ ಮುಂಗೈಯ ಎರಡೂ ಎಲುಬು ಮುರಿದ. ಉಳಿದದ್ದನ್ನು ಚಾಕು ಮಾಡಿತು.

ನನ್ನ ಎದೆ ಅತಿ ಹೆಚ್ಚು ಹೊಡೆದುಕೊಳ್ಳುವುದು ಸ್ಯಾಂಪ್ಸನ್ ಪಾರ್ಕರ್‌ನ ಸರದಿ ಬಂದಾಗ. 2007ರ ಸೆಪ್ಟೆಂಬರ್, ಸೌತ್ ಕ್ಯಾರೊಲೈನಾದ ಜೋಳದ ಹೊಲ. ತೆನೆ ಕೀಳುವ ಯಂತ್ರದ ರೋಲರ್‌ಗಳಲ್ಲಿ ದಂಟು ಸಿಕ್ಕಿಕೊಂಡಿತ್ತು; ಬಿಡಿಸಲು ಹೋದ ಕೈಯನ್ನು ಯಂತ್ರ ಒಳಕ್ಕೆಳೆದುಕೊಂಡಿತು. ಒಬ್ಬನೇ ರೈತ, ನಿಲ್ಲದ ಯಂತ್ರ, ಕೂಗಿದರೂ ಯಾರೂ ಬಾರದ ಬಯಲು. ಕೈಗೆಟುಕಿದ ಕಬ್ಬಿಣದ ಸರಳನ್ನು ಚೈನಿಗೆ ತುರುಕಿ ರೋಲರ್ ತಡೆದ. ಜೇಬಿನ ಚಾಕುವಿನಿಂದ ಬೆರಳುಗಳನ್ನು ಕೊಯ್ಯಲು ಶುರುಮಾಡಿದ.

ಆಗ ಕಿಡಿ ಹಾರಿತು. ಸರಳು ತಿಕ್ಕಿ ಹಾರಿದ ಕಿಡಿಗೆ ನೆಲದ ಒಣ ಹುಲ್ಲು, ಸೋಗೆ ಹೊತ್ತಿಕೊಂಡವು. ಬೆಂಕಿ ಮೇಲೆದ್ದಿತು, ಚರ್ಮ ಸುಡತೊಡಗಿತು. ಬೆರಳುಗಳ ಲೆಕ್ಕ ಅಲ್ಲಿಗೆ ಮುಗಿಯಿತು. ತೋಳಿಗೇ ಚಾಕು ಇಟ್ಟ. ಅಲಗು ಇಳಿಯಿತು, ನರ ಕಡಿಯಿತು, ಎಲುಬಿಗೆ ಬಂದು ನಿಂತಿತು. ಜ್ವಾಲೆ ಹತ್ತಿರ, ಮತ್ತೂ ಹತ್ತಿರ. ಪಾರ್ಕರ್ ತನ್ನ ಇಡೀ ಮೈಭಾರ ಬಿಟ್ಟು ನೆಲಕ್ಕೆ ಕುಸಿದ. ಎಲುಬು ಮುರಿಯಿತು. ಬಿಡುಗಡೆ!

ಇನ್ನೂ ಹನ್ನೆರಡು ವರ್ಷ ಕಳೆದು, 2019ರಲ್ಲಿ ನೆಬ್ರಾಸ್ಕಾದ ರೈತ ಕರ್ಟ್ ಕೇಸರ್‌ನ ಕಾಲು ಕಾಳು ಸಾಗಿಸುವ ಆಗರ್‌ಗೆ ಸಿಕ್ಕಾಗಲೂ ಕೈಗೆ ಬಂದದ್ದು ಜೇಬಿನ ಚಾಕುವೇ. ಅಲ್ಲಿ ಎಲುಬನ್ನು ಯಂತ್ರ ಮೊದಲೇ ಕಡಿದಿತ್ತು.

ಚಾಕುವಿನ ಗಟ್ಟಿತನ ಪರೀಕ್ಷಿಸಲು ಮರದ ದಿಮ್ಮಿಗೆ ಬಡಿಯುವವರು, ತಗಡು ಸೀಳುವವರು ಇದ್ದಾರೆ. ನನಗೆ ಆ ಪರೀಕ್ಷೆಗಳಲ್ಲಿ ಆಸಕ್ತಿಯಿಲ್ಲ. ಕೆಲಸಕ್ಕೆ ಹೊರಡುವ ಮುನ್ನ ಸಾಣೆಗೆ ಕೊಡುವ ಹತ್ತು ನಿಮಿಷ, ಚಾಕುವಿಗೆ ಅದರದೇ ಖಾಯಂ ಜೇಬು, ಕಟ್ಟಲು ಒಂದು ಗಟ್ಟಿ ದಾರ, ಎಲ್ಲಿ ಕೆಲಸ ಮಾಡುತ್ತೇನೆಂದು ಮನೆಯಲ್ಲಿ ಹೇಳಿದ ಮಾತು: ನಾಲ್ಕನ್ನೂ ನಾನು ಅವಕ್ಕಿಂತ ಮೇಲಿಡುತ್ತೇನೆ.

ಮತ್ತೆ ಆ ಜೋಳದ ಹೊಲಕ್ಕೆ: ತೋಳು ಕಡಿದುಕೊಂಡ ಪಾರ್ಕರ್ ಆ ಸ್ಥಿತಿಯಲ್ಲೇ ತನ್ನ ಟ್ರಕ್ ಏರಿ ರಸ್ತೆಗೆ ಬಂದ. ಕೆಲವು ವಾಹನಗಳು ನಿಲ್ಲಿಸದೆ ಸಾಗಿದವು. ಕೊನೆಗೆ ಒಬ್ಬರು ನಿಲ್ಲಿಸಿದರು. ಅವರು ತುರ್ತು ಚಿಕಿತ್ಸೆಯ ತರಬೇತಿ ಪಡೆದಿದ್ದವರು; ರಕ್ತ ತಡೆದು, ಹೆಲಿಕಾಪ್ಟರ್ ಬರುವವರೆಗೂ ಅವನ ಪಕ್ಕ ಬಿಟ್ಟು ಕದಲಲಿಲ್ಲ.